ಸಂಧಿ ಪ್ರಕರಣ

ನರಿನ್ ನದಿಯ ಮೇಲ್ಗಡೆ, ವ್ಯಾನು ತಿರುಗಿಕೊಳ್ಳುವ ಕೊನೆಯ ಊರಲ್ಲಿ
ವರ್ಷಕ್ಕೊಮ್ಮೆ ಬರುವ ನಮೂನೆಯನ್ನು
ದಾದಿ ಜಿಪಾರ್ ಒಲೆಯ ಪಕ್ಕ ಕೂತು ತುಂಬುತ್ತಾಳೆ.
ಸಂಧಿವಾತ: ಎರಡು.
ಎರಡೇ. ಬಿಷ್ಕೆಕ್ಕಿನ ಡಾಕ್ಟರು ರುಜು ಹಾಕಿದ ಚೀಟಿ ಇರುವುದು
ಬುರುಲ್ ಬಳಿ, ಮತ್ತೆ ಉಮ್ಸುನಾಯ್ ಬಳಿ.
ಉಮ್ಸುನಾಯ್ ತೀರಿಕೊಂಡು ವರ್ಷವಾಯಿತು,
ಚೀಟಿ ಇನ್ನೂ ಬದುಕಿದೆ.

ಕಿಟಕಿಯಾಚೆ ಅಂಗಳದಲ್ಲಿ
ಕುದಿನೀರು ಸುರಿದ ಉಣ್ಣೆಯ ಸುರುಳಿಯನ್ನು
ಒಂಬತ್ತು ಹೆಂಗಸರು ಮಂಡಿಯೂರಿ
ಮೊಣಕೈಯಿಂದ ಉರುಳಿಸುತ್ತಿದ್ದಾರೆ, ಹಿಂದೆ, ಮುಂದೆ, ಹಿಂದೆ.
ಬುರುಲ್ ಈಗ ಸ್ಟೂಲಿನ ಮೇಲೆ ಕೂತು ಹುಕುಂ ಕೊಡುವವಳು.
"ಅಂಚು ನೋಡಿ, ಅಲ್ಲಿ!" ಅನ್ನುತ್ತಾಳೆ.
ಅವಳ ಬೆರಳು ತೋರಿಸುವುದು ಅಲ್ಲಿಗಲ್ಲ,
ಗಾಳಿಗೆ ಒಗ್ಗಿದ ಮರದ ಹಾಗೆ ಐದೂ ಒಂದೇ ಕಡೆ ವಾಲಿವೆ.
ಎಲ್ಲರೂ ನಗುತ್ತಾರೆ. ಅವಳೂ.

ನಾನು ಶಾಲೆಯಲ್ಲಿ ಉರುಹೊಡೆದ ಸಂಧಿಗಳು ಮೂರು.
ಲೋಪ: ಊರೂರು ಅನ್ನುವಾಗ
ನಡುವೆ ಇದ್ದದ್ದೊಂದು ಸದ್ದಿಲ್ಲದೆ ಹೋಗುವುದು.
ಆಗಮ: ಯಾರೂ ಕರೆಯದೆ ಒಂದು ಬಂದು ಕೂರುವುದು,
ಮೂಳೆಯಂಚಿಗೆ ಮುಳ್ಳು.
ಇವೆರಡಕ್ಕೂ ಪೇಟೆ ಹಳ್ಳಿಯ ಭೇದವಿಲ್ಲ.
ಮೂರನೆಯದು ಆದೇಶ:
ಚಳಿಗಾಲದಲ್ಲಿ ಕಕಾರ ಹೋಗಿ ಗಕಾರ ಬಂದಂತೆ
ಸವೆದ ಮಂಡಿಯ ಜಾಗಕ್ಕೆ ಲೋಹದ ಮಂಡಿ.
ಅದಕ್ಕೆ ಬಿಷ್ಕೆಕ್ಕಿಗೇ ಹೋಗಬೇಕು.

ಅಲ್ಲಿ ಪಿಯಾನೋ ಕಲಿಸುವ ರೈಸಾ ಪಾವ್ಲೊವ್ನಾ
ಎಡಗೈ ಉಂಗುರಬೆರಳು ಒಂದು ಸ್ವರಕ್ಕೆ ತಡವಾಯಿತೆಂದು
ಬಸ್ಸು ಹತ್ತಿ ಐದು ನಿಲ್ದಾಣ ಹೋದರು.
ಮಧ್ಯಾಹ್ನ ರಕ್ತ ಕೊಟ್ಟರು, ಗುರುವಾರ ರೋಗಕ್ಕೆ ಹೆಸರು ಸಿಕ್ಕಿತು,
ವಾರಕ್ಕೊಂದು ಸಲ ಹಳದಿ ಗುಳಿಗೆ.
ಈಗಲೂ ನುಡಿಸುತ್ತಾರೆ. ಅದು ಅವರ ತಪ್ಪಲ್ಲ.
ಪಟ್ಟಿಯಲ್ಲಿ ಅವರದೊಂದು ಗೆರೆ,
ಅಂಥ ಗೆರೆಗಳು ಸೇರಿ ಸೇರಿ
ಇದು ಪೇಟೆಯವರ ರೋಗ ಅನ್ನಿಸಿಕೊಂಡಿದೆ.

ಬುರುಲ್ ಕೂಡ ಹೋಗಿದ್ದಳು, ಎರಡು ಕುರಿ ಮಾರಿ.
ದೊಲೊನ್ ಘಾಟಿಯ ಮೇಲೆ ವ್ಯಾನು ನಿಂತಾಗ
ಚಹಾದ ಫ್ಲಾಸ್ಕಿನ ಮುಚ್ಚಳ ತಿರುಗಿಸಲಾಗದೆ
ಅಪರಿಚಿತ ಹುಡುಗನೊಬ್ಬನಿಗೆ ಚಾಚಿದಳು.
ಡಾಕ್ಟರು ಒಳ್ಳೆಯವನು, ಎಳೆಯ ವಯಸ್ಸು.
ಊದಿದ ಕೀಲುಗಳನ್ನು ಮೆಲ್ಲಗೆ ಒತ್ತಿ ಒತ್ತಿ ಎಣಿಸಿದ, ಇಪ್ಪತ್ತೆರಡು.
"ಐದು ವರ್ಷ ಮೊದಲೇ ಬರಬೇಕಿತ್ತು, ಅಜ್ಜಿ."
"ಆಗ ಕುರಿ ಒಂದೇ ಇತ್ತು, ಮಗ."
ಅವಳಿಗೂ ಅದೇ ಹಳದಿ ಗುಳಿಗೆ.
ತಿಂಗಳಿಗೊಮ್ಮೆ ರಕ್ತ ನೋಡಿಸದೆ ನುಂಗುವಂತಿಲ್ಲ;
ರಕ್ತ ನೋಡುವ ಯಂತ್ರಕ್ಕೆ ಅರ್ಧ ದಿನದ ದಾರಿ.
ಡಬ್ಬಿ ಜಿಪಾರ್‌ಳ ಬೀರುವಿನಲ್ಲಿದೆ,
ಕೊಡಲೂ ಹೆದರಿಕೆ, ಎಸೆಯಲೂ.

ಕಾಯಿಲೆ ಅಂದರೆ ಮಲಗುವುದು, ಅನ್ನುತ್ತಾಳೆ ಬುರುಲ್.
ಇದು ಬರೀ ಹವೆ.
ಹಿಮದ ಸುದ್ದಿ ರೇಡಿಯೋಗಿಂತ ಮುಂಚೆ
ಅವಳ ಮಣಿಕಟ್ಟಿಗೆ ಬರುತ್ತದೆ;
ಕುರಿ ಬಿಡುವ ಮುನ್ನ ನೆರೆಯವರು ಬಂದು ಕೇಳಿ ಹೋಗುತ್ತಾರೆ.
ಹಾಲು ಹಿಂಡಲಾರದ ಕೈಗೆ ಅಷ್ಟಾದರೂ ಕೆಲಸ.

ಉಣ್ಣೆ ಗಟ್ಟಿಯಾಯಿತು. ಹೆಂಗಸರು ಏಳುತ್ತಿದ್ದಾರೆ:
ಮೊದಲು ಕೈ ನೆಲಕ್ಕೆ, ಆಮೇಲೆ ತೊಡೆಗೆ,
ಆಮೇಲೆ ಪಕ್ಕದವಳ ಹೆಗಲಿಗೆ.
ಪಕ್ಕದವಳು ಇನ್ನೂ ಎದ್ದಿಲ್ಲ.
ಜಿಪಾರ್ ನೋಡುತ್ತಾಳೆ, ನಮೂನೆಯನ್ನು ಮಗುಚುತ್ತಾಳೆ,
ಯಾರೂ ಓದದ ಹಿಂಬದಿಯಲ್ಲಿ
ಒಂಬತ್ತು ಹೆಸರು ಬರೆಯತೊಡಗುತ್ತಾಳೆ.

ಅಂಗಳದಿಂದ ಬುರುಲ್ ಕೂಗಿದಳು, ಮಣಿಕಟ್ಟು ಹಿಡಿದುಕೊಂಡು:
"ಏನಾದರೂ ಕಳಿಸುವುದಿದ್ದರೆ ಇವತ್ತೇ ಕಳಿಸೇ.
ನಾಳೆ ದಾರಿ ಮುಚ್ಚುತ್ತದೆ."