ನಾಲ್ಕು ಹಾಡಿನ ಮಟ್ಟಿಗೆ

ಹಗಲೆಲ್ಲ ನನ್ನ ಕೆಲಸ ತೋಳುಗಳಲ್ಲಿ ನರ ಹುಡುಕುವುದು.
ಮಾಂಟೆವಿಡಿಯೊದ ಹಳೆಯ ಆಸ್ಪತ್ರೆ, ಎರಡನೇ ಮಹಡಿ,
ಆರೂವರೆಗೇ ಬಾಗಿಲಲ್ಲಿ ಖಾಲಿ ಹೊಟ್ಟೆಗಳ ಸಾಲು.
ಮುಷ್ಟಿ ಬಿಗಿಯಿರಿ ಅನ್ನುತ್ತೇನೆ,
ಈಗ ಬಿಡಿ ಅನ್ನುತ್ತೇನೆ,
ಹತ್ತಿ ಒತ್ತಿ ಮುಂದಿನವರನ್ನು ಕೂಗುತ್ತೇನೆ.

ಗುರುವಾರ ರಾತ್ರಿ ಮಾತ್ರ ಕೂಗುವಂತಿಲ್ಲ.
ಅಂಚೆ ನೌಕರರ ಕ್ಲಬ್ಬಿನ ಉದ್ದನೆಯ ಹಾಲು,
ಗೋಡೆಗೊರಗಿದ ಕುರ್ಚಿ, ಒಂದು ಲೋಟ ಸೋಡಾ,
ಚೀಲದಿಂದ ಹೊರಬಂದ ಎತ್ತರದ ಹಿಮ್ಮಡಿಯ ಜೋಡು.
ಇಲ್ಲಿ ಬಾಯಿಗೆ ರಜೆ, ದುಡಿಮೆಯೆಲ್ಲ ಕಣ್ಣಿಗೆ:
ಆ ತುದಿಯಲ್ಲೊಂದು ಹುಬ್ಬು ಏಳಬೇಕು,
ಈ ತುದಿಯಲ್ಲೊಂದು ತಲೆ ತುಸು ಆಡಬೇಕು.
ಬೇಡವೋ, ನೋಟವನ್ನು ಫ್ಯಾನಿನ ಕಡೆ ತಿರುಗಿಸು.
ಇಬ್ಬರ ಮರ್ಯಾದೆಯೂ ಉಳಿಯಿತು.
ನನ್ನ ಇಪ್ಪತ್ತು ವರ್ಷದ ಸಂಸಾರದಲ್ಲಿ
ಇಷ್ಟು ನಾಜೂಕು ಇದ್ದಿದ್ದರೆ! ಹೋಗಲಿ ಬಿಡಿ.

ಮೊದಲು ಬಂದವನು ವಾಷಿಂಗ್ಟನ್.
ಹೆಸರು ಹಾಗೆ, ಊರು ದಾಟಿದವನಲ್ಲ.
ಮೂವತ್ತೈದು ವರ್ಷ ಸಿಟಿ ಬಸ್ಸು ಓಡಿಸಿದವನು
ನನ್ನನ್ನೂ ಹಾಗೇ ತಿರುವುಗಳಲ್ಲಿ ಹೊರಳಿಸುತ್ತಾನೆ.
ಮುಂದಿನ ಜೋಡಿ ನಿಂತರೆ ಹದವಾಗಿ ಬ್ರೇಕು,
ಯಾರ ಮೊಣಕೈಗೂ ತಾಗದ ಹಾಗೆ.
ಕಣ್ಣು ಮುಚ್ಚಿಕೊಂಡೆ. ಟಿಕೆಟ್ಟು ತೆಗೆಸಿಯಾದ ಮೇಲೆ
ದಾರಿಯ ಉಸಾಬರಿ ನನಗೇಕೆ?

ನಾಲ್ಕು ಹಾಡಿಗೆ ಒಂದು ತಾಂದಾ. ಅದು ಮುಗಿದರೆ
ಯಾವ ಹೆಜ್ಜೆಗೂ ಒಗ್ಗದ ಬೇರೆ ಸಂಗೀತದ ತುಣುಕು,
ಎಲ್ಲರೂ ಎಲ್ಲರನ್ನೂ ಬಿಟ್ಟುಕೊಡುವ ಹೊತ್ತು.

ನಾವೆಲ್ ಎಂಬ ಹುಡುಗ, ಹತ್ತೊಂಬತ್ತು ಇರಬೇಕು,
ಎಣಿಸುವುದು ನನ್ನ ಕಿವಿಗೇ ಕೇಳುತ್ತಿದೆ.
ಒಂದು, ಎರಡು... ಐದರ ಹತ್ತಿರ ಉಸಿರು ಕಟ್ಟಿ ನಿಂತುಬಿಟ್ಟ.
ನಿಲ್ಲುವುದೂ ಕುಣಿತವೇ ಮಗು, ಅನ್ನಬಹುದಿತ್ತು; ಅನ್ನಲಿಲ್ಲ.
ಬೆನ್ನ ಮೇಲಿದ್ದ ಅಂಗೈಯನ್ನು ಒಂಚೂರು ಭಾರ ಮಾಡಿದೆ.
ಆರು ಅನ್ನುವುದನ್ನು ಅವನ ಕಾಲೇ ಹೇಳಿತು.

ಇರುಪೆ ಮಾತ್ರ ಕಣ್ಣು ಗಿಣ್ಣು ಕಾಯುವವಳಲ್ಲ.
ಬಂದರಿನಲ್ಲಿ ಮೀನು ಕೊಯ್ಯುವ ಗಟ್ಟಿ ಕೈ,
ನಿಂಬೆಹಣ್ಣು ತಿಕ್ಕಿ ತಿಕ್ಕಿ ತೊಳೆದದ್ದು.
"ಗಂಡಸರು ಸೋಡಾ ಕುಡಿಯಲಿ, ಬಾರೇ" ಎಂದು ಎಳೆದೊಯ್ದಳು.
ವಾಲ್ಸು. ಗಿರಗಿಟ್ಲೆಯ ಹಾಗೆ ತಿರುಗಿಸಿದಳು.
ನಕ್ಕು ನಕ್ಕು ನನ್ನ ಜೋಡಿನ ಗುಂಡಿ ಕಿತ್ತಿತು.

ಹನ್ನೆರಡೂಕಾಲಕ್ಕೆ ಕಂಬದ ಪಕ್ಕ ಒಂದು ತಲೆ ಬಾಗಿತು.
ದೋನ್ ಕಸಿಮಿರೋ.
ಬೆಳಿಗ್ಗೆ ನನ್ನೆದುರು ಕೂತಿದ್ದ ತೋಳು.
ಜಾರುವ ನರ, ಮೂರು ಸಲ ಚುಚ್ಚಿದ್ದೆ, ಆರು ಸೀಸೆ.
ಈಗ ಅದೇ ಬಲತೋಳಿನ ಮೇಲೆ ನನ್ನ ಎಡತೋಳು;
ಇಸ್ತ್ರಿ ಮಾಡಿದ ಕೋಟಿನೊಳಗೆ ಎಲ್ಲೋ
ನಾನು ಮಾಡಿದ ನೀಲಿ ಕಲೆ.
ಸೀಸೆಗಳು ಏನು ಹೇಳಿದವೋ ನನಗೆ ಗೊತ್ತಿಲ್ಲ,
ಅದು ಕೆಳಮಹಡಿಯವರ ಕೆಲಸ.

ಒಂದೇ ಕಲ್ಲುಚಪ್ಪಡಿಯಷ್ಟು ಜಾಗ ಅವನ ರಾಜ್ಯ.
ಬಂದೊನಿಯಾನ್ ಉಸಿರೆಳೆದರೆ ಅವನೂ ಎಳೆಯುತ್ತಾನೆ,
ಅದು ಬಿಟ್ಟಾಗ ನಾನು ಬಿಡುತ್ತೇನೆ.
ಒಂದು ಹಾಡು ಮುಗಿದು ಇನ್ನೊಂದು ಹತ್ತುವ ನಡುವೆ
ಎರಡು ಮಾತಾಡುವುದು ಪದ್ಧತಿ. ಅವನೆಂದ:
"ಈಗ ನಿಮ್ಮ ಕೈ ಬೆಚ್ಚಗಿದೆ."

ನಡುವೆ ಧನ್ಯವಾದ ಎಂದರೆ ಇಲ್ಲಿ ಸಾಕು ಎಂದರ್ಥ.
ಆ ಪದವನ್ನು ನಾಲಗೆಯಡಿ ಅಡಗಿಸಿಟ್ಟುಕೊಂಡು
ನಾಲ್ಕೂ ಹಾಡು ದಾಟಿದೆವು.
ಕುರ್ಚಿಯವರೆಗೆ ತಲುಪಿಸಿ ಆಮೇಲೆ ಅಂದ.
ನಾನೂ ಅಂದೆ.

ಕೊನೆಯ ತಾಂದಾಕ್ಕೆ ಯಾವ ಹುಬ್ಬೂ ಏಳಲಿಲ್ಲ.
ಜೋಡು ಬಿಚ್ಚಿ, ತಣ್ಣನೆಯ ನೆಲಕ್ಕೆ ಪಾದ ಊರಿ ನೋಡುತ್ತಾ ಕೂತೆ:
ಗಡಿಯಾರಕ್ಕೆ ಎದುರಾಗಿ ಸುತ್ತುತ್ತಿದ್ದಾರೆ ಎಲ್ಲರೂ,
ಗಡಿಯಾರಕ್ಕೆ ಅದರ ಖಬರಿಲ್ಲ. ಎರಡೂವರೆ.

ಕಡಲಿನಷ್ಟು ಅಗಲದ ನದಿಯಿಂದ ಗಾಳಿ,
ಬಸ್ಸಿನಲ್ಲಿ ನಾನು ಮತ್ತು ನಿದ್ದೆಗಣ್ಣಿನ ಡ್ರೈವರು.
ಬಲಗೆನ್ನೆಯಲ್ಲಿ ನಾಲ್ವರ ಬೆವರು,
ಯಾವುದು ಯಾರದೋ. ಸೀಸೆಗೆ ಚೀಟಿ ಅಂಟಿಸುವ ನಾನು
ತೊಳೆಯದೆ ಹಾಗೇ ಮಲಗಿದೆ.