ಎರಡೂ ಕಡೆ, ಒಂದೇ ಹಾಳೆಯಲ್ಲಿ

ಗೋಪಿ ಸರ್ಕಲ್ಲಿನಿಂದ ಕೋರ್ಟಿನ ಕಡೆ ಬರುವಾಗ
ಮೆಟ್ಟಿಲು ಹತ್ತಬೇಡಿ, ಮೆಟ್ಟಿಲ ಕೆಳಗೇ ನನ್ನ ಅಂಗಡಿ.
ಬಗ್ಗಿ ಬರಬೇಕು. ವಕೀಲರೂ ಬಗ್ಗಿಯೇ ಬರುತ್ತಾರೆ.

ಮೊದಮೊದಲು ಜೆರಾಕ್ಸಿನ ಜೊತೆ ಹಾಡೂ ಮಾರುತ್ತಿದ್ದೆ,
ಮೆಮೊರಿ ಕಾರ್ಡು ತುಂಬಿಸಲು ಇಪ್ಪತ್ತು ರೂಪಾಯಿ,
ಆರಿಸುವ ಕಷ್ಟ ನನ್ನದು.
ಗಾಡಿಕೊಪ್ಪದ ಲಾರಿ ಕ್ಲೀನರ್ ರುದ್ರೇಶಿಗೆ ಬರೀ ದುಃಖದ ಹಾಡು,
ಮದುವೆಯ ಹಿಂದಿನ ದಿನವೂ.
ಯಾರಿಗೂ ಹೇಳಿರಲಿಲ್ಲ; ಇದೀಗ ಹೇಳಿದೆ.

ಈಗ ಹಾಡು ಗಾಳಿಯಲ್ಲೇ ಇಳಿಯುತ್ತದೆ.
ಅವನ ದುಃಖ ಯಾವ ದೇಶದ ಪೆಟ್ಟಿಗೆಗೆ ಗೊತ್ತಾಗಿದೆಯೋ,
ಒಂದು ಮುಗಿಯುವ ಮೊದಲೇ
ಅಂಥದ್ದೇ ಇನ್ನೊಂದನ್ನು ಎತ್ತಿಕೊಡುತ್ತದಂತೆ.
ನಾನಾದರೆ ನಡುನಡುವೆ ಒಂದು ಕುಣಿಯುವ ಹಾಡು ಸೇರಿಸುತ್ತಿದ್ದೆ,
ಅವನು ಕೇಳದಿದ್ದರೂ.

"ಮುಚ್ಚಿಡೋಕೆ ನಮ್ಮ ಹತ್ರ ಎಂಥ ಇದೆ ಮಾರಾಯ್ತಿ?"
ಅಂಚೆ ಕಚೇರಿಯಿಂದ ನಿವೃತ್ತರಾದ ಹಾಲಪ್ಪನವರ ದಿನದ ಮಾತು.
ಆಧಾರು, ಪಾನು, ಪಿಂಚಣಿ ಪುಸ್ತಕ, ಒಟಿಪಿ ಕೂಡ
ಅಂಗಡಿಯಾಚೆಗೂ ಕೇಳುವಂತೆ ಓದಿ ಹೇಳುತ್ತಾರೆ.
ಒಂದು ಸಂಜೆ ಮಾತ್ರ ಔಷಧಿ ಚೀಟಿಯೊಂದನ್ನು
ಮಗುಚಿ ಹಿಡಿದು ಕೊಟ್ಟರು.
ನಾನೂ ಮಗುಚಿಯೇ ಇಟ್ಟೆ ಗಾಜಿನ ಮೇಲೆ.
ಜೆರಾಕ್ಸಿನ ರೀತಿಯೇ ಅದು:
ನಮಗೆ ಬೆನ್ನು, ಗಾಜಿಗೆ ಮುಖ.

ಖಮರುನ್ನೀಸಾಳ ಹೆಬ್ಬೆಟ್ಟಿನಲ್ಲಿ ಗೆರೆಯೇ ಉಳಿದಿಲ್ಲ,
ಮೂವತ್ತು ವರ್ಷದ ಬೀಡಿ ತಿಂದುಹಾಕಿದೆ.
ರೇಷನ್ ಅಂಗಡಿಯಲ್ಲಿ ಐದು ಸಲ ಒತ್ತಿ, ಆರನೆಯ ಸಲ ಒರೆಸಿ ಒತ್ತಿ,
ಇಲ್ಲಿ ಬಂದು ಕೂತು ನಗುತ್ತಾಳೆ:
"ನಾನು ನಾನಲ್ಲ ಅಂತದೆ ಅಕ್ಕಾ ಮಿಷನ್ನು.
ಬ್ಯಾಂಕಿಗೆ ಕನ್ನ ಹಾಕಬೌದಿತ್ತು,
ಸೊಂಟ ನೋವೊಂದು ಇರದಿದ್ರೆ."

ಹೋದ ಭಾನುವಾರ ಹಳೆ ಯಂತ್ರ ಕೊನೆಯುಸಿರೆಳೆಯಿತು.
ಭದ್ರಾವತಿಯ ಗುಜರಿ ಮಂಜಪ್ಪ ಬಗ್ಗಿ ಬಂದ, ತಟ್ಟಿ ನೋಡಿದ.
"ಇದರ ಹೊಟ್ಟೇಲೊಂದು ಡಿಸ್ಕಿರತ್ತೆ,
ಮಾಡಿದ್ದೆಲ್ಲ ನುಂಗಿ ಇಟ್ಕೊಂಡಿರತ್ತೆ.
ಅದು ಬೇಕು ಅನ್ನೋರು ಇದಾರೆ.
ಡಿಸ್ಕಿನ ಸಮೇತ ಆರು ಸಾವಿರ, ಇಲ್ದಿದ್ರೆ ಎರಡೂವರೆ."

ಹನ್ನೊಂದು ವರ್ಷ ದಿನಾ ಗಾಜು ಒರೆಸಿದವಳು ನಾನು,
ಹೊಟ್ಟೆಯ ಸುದ್ದಿ ಗೊತ್ತಿರಲಿಲ್ಲ.
ಮೂರೂವರೆ ಸಾವಿರ ಅಂದರೆ ಒಂದು ತಿಂಗಳ ಬಾಡಿಗೆ,
ಕರೆಂಟು ಬಿಟ್ಟು.
ನಾಳೆ ಬಾ ಅಂದೆ.
ಬೇಡ ಅನ್ನಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ರಾತ್ರಿ ಅದು ಅಡುಗೆ ಕಟ್ಟೆಯ ಮೇಲಿತ್ತು,
ಪಾರ್ಲೆ ಬಿಸ್ಕತ್ತಿನ ಪ್ಯಾಕೆಟ್ಟಿಗಿಂತ ಚಿಕ್ಕದು, ತಣ್ಣಗೆ.
ಅದರೊಳಗೆ ವಿನೋಬನಗರ, ಹೊಸಮನೆ, ಅರ್ಧ ಕೋರ್ಟು,
ಹಾಲಪ್ಪನವರ ಚೀಟಿ ಮುಖ ಮೇಲೆ ಮಾಡಿ,
ನನ್ನದೂ ಒಂದು: ವಿಚ್ಛೇದನದ ಅರ್ಜಿ, ಮೂರು ಪ್ರತಿ,
ಅಂಗಡಿ ಬಾಗಿಲು ಹಾಕಿ ನಾನೇ ತೆಗೆದಿದ್ದು.
ದುಡ್ಡು ಮಾತ್ರ ಗಲ್ಲಕ್ಕೆ ಹಾಕಿದ್ದೆ, ಲೆಕ್ಕ ಲೆಕ್ಕವೇ.

ಎರಡೂವರೆಗೆ ಕೊಟ್ಟೆ.
ಡಿಸ್ಕನ್ನು ತುಂಗೆಗೆ ಬಿಸಾಕು ಅಂದಳು ಖಮರುನ್ನೀಸಾ.
ಆ ನೀರು ಊರೇ ಕುಡಿಯುತ್ತದಲ್ಲೇ, ಅಂದೆ.
ಸುತ್ತಿಗೆ ತಂದೆ; ಹೊಡೆಯಲು ಯಾಕೋ ಕೈ ಬರಲಿಲ್ಲ,
ಎಷ್ಟೊಂದು ಮುಖ.
ಸದ್ಯ ಅದು ಕುಂಟು ಮೇಜಿನ ಕಾಲಿನ ಕೆಳಗಿದೆ.
ಅಯ್ಯೋ, ಇದನ್ನೂ ಹೇಳಿದೆನೆ.

ಹೊಸ ಯಂತ್ರ ಬಂತು ನಿನ್ನೆ, ಕಂತಿನಲ್ಲಿ.
ಗುಂಡಿ ಒತ್ತುತ್ತಲೇ ನನ್ನ ನಂಬರು ಕೇಳಿತು,
ಆಮೇಲೆ ಒಪ್ಪಿಗೆ: ಮೂವತ್ತೆಂಟು ಪುಟ.
ಪ್ರಿಂಟು ತೆಗೆದರೆ ನನ್ನ ರೇಟಿನಲ್ಲೇ ಎಪ್ಪತ್ತಾರು ರೂಪಾಯಿ.
ಹೊರಗೆ ಐದು ಜನ ಬಗ್ಗಿ ನಿಂತಿದ್ದರು,
ಕೋರ್ಟು ಶುರುವಾಗಲು ಹತ್ತು ನಿಮಿಷ.
ಒಪ್ಪಿದೆ.