ಮೊಣಕೈ ಉಸಿರು

ಕಿಮ್ಸಿನ ಡಾಕ್ಟರ ಹೇಳಿದ್ದು ಇಷ್ಟ:
ಇನ್ನ ಊದಬ್ಯಾಡ್ರಿ.
ಕರೀ ಹಾಳಿ ಬೆಳಕಿಗೆ ಹಿಡದು ತೋರಿಸಿದ,
ನನ್ನ ಪುಪ್ಪುಸ, ತೂತು ಬಿದ್ದ ತಿದಿ.
ನಲವತ್ತೇಳು ವರ್ಷದ ಸನಾದಿ
ಮನಿಗೆ ಬಂದು ಗೂಟಕ್ಕ ತೂಗಹಾಕಿದೆ.

ಮೊಮ್ಮಗಳು ರೋಹಿಣಿ ಮೊಬೈಲಿನಾಗ ತೋರಿಸಿದಳು:
ಐರ್ಲೆಂಡಂತ, ಮುದುಕೊಬ್ಬ ಕುರ್ಚಿ ಮ್ಯಾಲೆ ಕುಂತಾನ,
ಬಲಗಂಕುಳಾಗ ತಿದಿ, ಎಡಗಂಕುಳಾಗ ಚೀಲ,
ತೊಡಿಗುಂಟ ಮೂರು ಕೊಳವಿ ಬಿಡದ ಸುರ ಹಿಡದಾವ,
ಬಾಯಿ ಮಾತ್ರ ಖಾಲಿ.
ನುಡಿಸಿಗೋತನ ಹೆಂಡತಿ ಕೂಡ ಏನೋ ಮಾತಾಡಿ ನಕ್ಕ!
"ಯಜ್ಜಾ, ಇದು ಮೊಣಕೈಲೆ ಉಸಿರಾಡತೈತಿ."

ಮೊಣಕೈ ನನಗಿನ್ನೂ ಎರಡೂ ಅದಾವ.

ಆ ದೇಶದಾಗ ಮಾಡವರಿಗೆ ಪತ್ರ ಬರೆಸಿದೆ.
ಒಬ್ಬಾತ ಅಂದ, ಏಳು ವರ್ಷದ ಪಾಳಿ ಐತಿ.
ಇನ್ನೊಬ್ಬಾತ ಪಾಳಿ ಬರಿಯೋ ವಹೀನ ಮುಚ್ಯಾನಂತ.
ಮೂರನೇದಾತ ಬರೋ ತಿಂಗಳ ಕಳಸತೇನಿ ಅಂದ,
ಅಷ್ಟು ಲಗೂ ಕೊಡವನ್ನ ನಾ ನಂಬಾಂಗಿಲ್ಲ.
ನನಗ ಅರವತ್ತೊಂಬತ್ತು.
ಲೆಕ್ಕ ನೀವ ಹಾಕ್ರಿ.

ಗದಗ ರೋಡಿನ ವರ್ಕಶಾಪಿನಾಗ ರಿಟಾಯರ ಆದ
ಟರ್ನರ್ ದಾವಲಸಾಬ ಗುಡಗೇರಿ,
ರೈಲಿನ ಗಾಲಿಗೆ ಕೂದಲೆಳಿ ಅಳತಿ ಹಿಡದ ಕೈ.
ಇಂಥಾದ್ದು ಕಣ್ಣಿಲೆ ಕಂಡಿಲ್ಲ ಅಂದ.
ನಕ್ಷಾ ನೋಡಕೋತ ಕುಂತ, ಚಾ ಆರಿತು.
"ಒಳಗಿನ ತೂತು ಕೆಳಗ ಹೋಗತಾ ಅಗಲಾಗೇತಿ.
ಮೊದಲನೇದು ಒಲಿಗೆ ಹೋಗತೈತಿ, ಎರಡನೇದೂ ಒಲಿಗೆ.
ಮೂರನೇದು ಮಾತಾಡಿದರ ಮಾತಾಡೀತು."
ಕೈಯಾಗಿನ ಮುಂಗಡ ಆತಗ ಕೊಟ್ಟೆ.

ಚೀಲಕ್ಕ ದುರಗಪ್ಪ ಅರಳಿಕಟ್ಟಿ
ಆಡಿನ ತೊಗಲಿಗೆ ಎಣ್ಣಿ ಕುಡಿಸಿ, ಹೊಲಿಗಿಗೆ ಮೇಣ ತಿಕ್ಕಿದ.
ರೆಕ್ಸಿನ್ ಸೋವಿ, ಅಂತನೂ ಅಂದ.
ಇಬ್ಬರೂ ಒಂದ ಸಲ ಮೂಸಿ ನೋಡಿ ಸುಮ್ಮನಾದಿವಿ.

ಧಾರವಾಡದ ಹಾರ್ಮೋನಿಯಂ ರಿಪೇರಿ ಕಟ್ಟಿಯವರು
ತಿದಿ ಒತ್ತಿ ನೋಡಿ ಕೇಳಿದರು, ಪಟ್ಟಿ ಯಾವುದು?
ಬಿಳಿ ಎರಡು ಬಯಲಿಗೆ ಕೇಳತೈತಿ,
ಕರಿ ಐದಕ್ಕ ಇಳಿಸಿದರ ಒಂದು ಖೋಲಿಗೆ.
ಖೋಲಿಗೇ ಇರಲ್ರಿ, ಅಂದೆ.
ಹೊರಗ ಬಾಳ ಊದೇನಿ:
ಹಂದರದ ಆಚಿ, ಮೆಟ್ಟು ಬಿಡೋ ಜಾಗದ ಬಾಜೂಕ
ನಮಗ ತಟ್ಟು ಹಾಸತಿದ್ದರು.
ಎಂಜಲ ವಾದ್ಯ, ಒಳಗ ಬರಬಾರದು;
ಅಕ್ಕಿಕಾಳು ಮಾತ್ರ ಒಳಗ
ನಮ್ಮ ಸುರ ಏರಿದ ಮ್ಯಾಲೇ ಬೀಳತಿದ್ದವು.
ಇದಕ್ಕ ಎಂಜಲಿಲ್ಲ.
ಇದನ್ನ ಎಲ್ಲಿ ಕೂಡಸತಾರ?
ಕಟ್ಟಿಯವರು ಉತ್ತರ ಹೇಳಲಿಲ್ಲ, ಸ್ಕ್ರೂ ಹುಡುಕಿದರು.

ಉಳದದ್ದು ಕಟ್ಟಿಗಿ.
ಬೀಟಿಗೆ ಫಾರೆಸ್ಟಿನವರ ಚೀಟಿ ಬೇಕು. ತೇಗ ಮೆದು.
ಹುಣಸಿ ಬಿಸಿಲಿಗೆ ಬಿರಿತೈತಿ, ನಮ್ಮ ಮಂದಿಯಂಗ.
ಕಲಘಟಗಿ ಕಡಿಯ ತುಮರಿ ತಿರುಳು ಚಲೋ, ಕರ್ರಗ,
ಆದರ ಹಸಿ. ಐದು ವರ್ಷ ಒಣಗಬೇಕು.
ಮತ್ತ ಪಾಳಿ.

ಅಟ್ಟದ ಮ್ಯಾಲೆ ಅವ್ವನ ಒನಕಿ ಇತ್ತು.
ತುದಿಗೆ ಕಬ್ಬಿಣದ ಬಳಿ, ಜಂಗು ಹಿಡದದ್ದು.
ಮಂದಿ ಮನಿ ಭತ್ತ ಕುಟ್ಟಿದ ಒನಕಿ,
ಗಿರಣಿ ಬಂದ ಮ್ಯಾಲೆ ಇಲಿಗಳ ಹಾದಿ.
ದಾವಲಸಾಬ ಉಗುರಿಲೆ ಬಡದು ಕಿವಿ ಕೊಟ್ಟ.
"ಅರವತ್ತು ವರ್ಷ ಒಣಗೇತಿ," ಅಂದ,
"ಐರ್ಲೆಂಡಿನವಗೂ ಸಿಗಾಂಗಿಲ್ಲ."
ನಟ್ಟನಡುವ ಕೈ ಹಿಡದ ಜಾಗ ಸವದು ಸಣ್ಣಾಗಿತ್ತು.
"ಇದನ್ನ ಬಿಟ್ಟು ಕೊಯ್ಯಲಿ?"
ನನ್ನ ಕೈ ಅಲ್ಲಿ ಇಟ್ಟು ನೋಡಿದೆ,
ಅವ್ವನ ಹಿಡಿ ನನ್ನದಕ್ಕಿಂತ ಸಣ್ಣದು.
"ಅಲ್ಲಿಂದನ ತಗಿ," ಅಂದೆ.

ಮೊದಲನೇದು ಒಲಿಗೆ ಹೋಗೇತಿ.
ಎರಡನೇದು ಮಶೀನಿನ ಮ್ಯಾಲೆ ಐತಿ.

ನಿನ್ನೆ ಪೋಸ್ಟಿನಾಗ ಪತ್ತಿ ಬಂತು,
ಹತ್ತಿಯೊಳಗ ಸುತ್ತಿದ ಎರಡು ಎಸಳು.
ಇದನ್ನ ನೆನಸಬಾರದಂತ, ಸದಾ ಒಣಾನ ಇರಬೇಕಂತ,
ರೋಹಿಣಿ ಓದಿ ಹೇಳಾಕತ್ತಿದ್ದಳು.
ನಾ ಆಗಲೇ ನಾಲಿಗಿ ಮ್ಯಾಲೆ ಇಟ್ಟಿದ್ದೆ.

"ಯಜ್ಜಾ! ಎಂಜಲಾತಲ್ಲ!"

ಹೌದವಾ.
ನೆರಳಾಗಿಡು, ಒಣಗಲಿ.